ಒಂದೇ ಉಸಿರು, ಎರಡು ವಾದ್ಯ

ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಇದ್ದು, ಎರಡು ವರ್ಷದಿಂದ ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದಾರೆಂದು ಇಟ್ಟುಕೊಳ್ಳಿ. ಒಂದು ಸಂಜೆ ಪುಸ್ತಕದ ಚೀಲ ಇಳಿಸುತ್ತಲೇ, ‘ಅಪ್ಪಾ, ನಮ್ಮ ಬ್ಯಾಂಡಿನಲ್ಲಿ ಜಾಝ್ ಶುರುಮಾಡುತ್ತಾರಂತೆ. ನಾನು ಸ್ಯಾಕ್ಸೊಫೋನನ್ನೂ ಕಲಿಯಬೇಕಂತೆ, ಮೇಷ್ಟ್ರು ಹೇಳಿದರು’ ಎಂಬ ಮಾತು ಬರುತ್ತದೆ. ನೀವು ಏನು ಹೇಳುವಿರಿ? ನಮ್ಮ ಮನೆಗಳಲ್ಲಿ ಹೊರಡುವ ಉತ್ತರ ಬಹುಮಟ್ಟಿಗೆ ಒಂದೇ: ‘ಹಿಡಿದದ್ದನ್ನು ಮೊದಲು ನೆಟ್ಟಗೆ ಕಲಿ, ಆಮೇಲೆ ನೋಡೋಣ.’

ಈ ಉತ್ತರ ತಪ್ಪೆಂದು ಯಾರೂ ಹೇಳಲಾರರು. ಒಬ್ಬ ಗುರು, ಒಂದು ವಾದ್ಯ, ಹತ್ತು ಹದಿನೈದು ವರ್ಷದ ಸಾಧನೆ ಎಂಬುದು ನಮ್ಮಲ್ಲಿ ಬೇರೂರಿದ ಕ್ರಮ. ಆದರೆ ಮೇಷ್ಟ್ರು ಕೇಳಿದ್ದೂ ಹುಡುಗಾಟದ ಮಾತಲ್ಲ. ಜಾಝ್ ಬ್ಯಾಂಡಿನ ಕಟ್ಟಡವೇ ಹಾಗಿದೆ. ಅದರಲ್ಲಿ ಒಬ್ಬನೇ ಎರಡು ಮೂರು ವಾದ್ಯ ನುಡಿಸುವುದು ಚಮತ್ಕಾರಕ್ಕಾಗಿ ಅಲ್ಲ, ಅಗತ್ಯಕ್ಕಾಗಿ. ಆ ಅಗತ್ಯ ಎಂಥದು, ಮಗುವಿನ ಬೆರಳು, ತುಟಿ, ಕಿವಿಗಳಿಗೆ ಅದರಿಂದ ಏನಾಗುತ್ತದೆ, ಯಾವ ಎರಡನೆಯ ವಾದ್ಯಕ್ಕೆ ಹೂಂ ಎನ್ನಬಹುದು, ಯಾವುದಕ್ಕೆ ತಡೆ ಹೇಳಬೇಕು ಎಂಬುದನ್ನು ತಿಳಿದುಕೊಂಡರೆ ನಿಮ್ಮ ಉತ್ತರ ನಿಮಗೇ ಹೊಳೆಯುತ್ತದೆ.

ಪೂರ್ಣ ಪ್ರಮಾಣದ ಜಾಝ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಹದಿನೇಳು ಮಂದಿ ಇರುತ್ತಾರೆ. ಐದು ಸ್ಯಾಕ್ಸೊಫೋನು, ನಾಲ್ಕು ಟ್ರಂಪೆಟ್ಟು, ನಾಲ್ಕು ಟ್ರೊಂಬೋನು, ಇವುಗಳ ಬೆನ್ನಿಗೆ ಪಿಯಾನೊ, ಗಿಟಾರು, ದೊಡ್ಡ ತಂತಿಯ ಬಾಸ್, ಡ್ರಮ್ಮು. ಆದರೆ ಆ ಬ್ಯಾಂಡಿನಿಂದ ಹೊರಡುವ ನಾದಗಳನ್ನು ಎಣಿಸಿದರೆ ಹದಿನೇಳಕ್ಕಿಂತ ಹೆಚ್ಚು. ಐದು ಮಂದಿ ಸ್ಯಾಕ್ಸೊಫೋನಿನವರು ಒಂದು ಪದ್ಯಕ್ಕೆ ಸ್ಯಾಕ್ಸೊಫೋನು ಕೆಳಗಿಟ್ಟು ಕ್ಲಾರಿಯೊನೆಟ್ ಎತ್ತಿಕೊಳ್ಳುತ್ತಾರೆ. ಇನ್ನೊಂದಕ್ಕೆ ಅವರಲ್ಲಿ ಇಬ್ಬರು ಕೊಳಲು ಹಿಡಿಯುತ್ತಾರೆ. 1963ರಲ್ಲಿ ಭಾರತಕ್ಕೂ ಬಂದುಹೋದ ಡ್ಯೂಕ್ ಎಲಿಂಗ್ಟನ್ನರ ಮೇಳವನ್ನೇ ನೋಡಿ. ಅದರಲ್ಲಿ ಹ್ಯಾರಿ ಕಾರ್ನಿ ಎಂಬಾತ ಎಲ್ಲಕ್ಕಿಂತ ದಪ್ಪ ದನಿಯ ಬ್ಯಾರಿಟೋನ್ ಸ್ಯಾಕ್ಸೊಫೋನಿಗೆ ಹೆಸರಾದವರು, ಆದರೆ ಕ್ಲಾರಿಯೊನೆಟ್ಟನ್ನೂ ಬಾಸ್ ಕ್ಲಾರಿಯೊನೆಟ್ಟನ್ನೂ ಊದುತ್ತಿದ್ದರು. ಜಿಮ್ಮಿ ಹ್ಯಾಮಿಲ್ಟನ್ ಕ್ಲಾರಿಯೊನೆಟ್ಟಿನವರು, ಬೇಕಾದಾಗ ಟೆನರ್ ಸ್ಯಾಕ್ಸೊಫೋನಿಗೂ ಸೈ. ಅದೇ ಮೇಳದಲ್ಲಿ ಬಹುಕಾಲ ಇದ್ದ ರೇ ನ್ಯಾನ್ಸ್ ಟ್ರಂಪೆಟ್ಟನ್ನೂ ಪಿಟೀಲನ್ನೂ ನುಡಿಸುತ್ತಿದ್ದರು. ಗ್ಲೆನ್ ಮಿಲ್ಲರ್ ಎಂಬ ಇನ್ನೊಬ್ಬ ಮುಖಂಡರ ಬ್ಯಾಂಡಿನ ವಿಶಿಷ್ಟ ನಾದವಂತೂ, 1939ರ ‘ಮೂನ್‌ಲೈಟ್ ಸೆರೆನೇಡ್’ ಎಂಬ ಧ್ವನಿಮುದ್ರಿಕೆಯಲ್ಲಿ ಕೇಳಿಸುವುದು, ಸ್ಯಾಕ್ಸೊಫೋನುಗಳ ಮೇಲೆ ಒಂದು ಕ್ಲಾರಿಯೊನೆಟ್ಟನ್ನು ಕೂರಿಸಿದ್ದರಿಂದಲೇ ಹುಟ್ಟಿದ್ದು.

ವೃತ್ತಿಪರರ ಮಾತು ಹೀಗಾದರೆ ಶಾಲೆಯ ಬ್ಯಾಂಡಿನ ಗತಿಯೇನು? ಅಲ್ಲಿ ಹದಿನೇಳು ಮಕ್ಕಳು ಸಿಕ್ಕುವುದೇ ದುರ್ಲಭ. ಹತ್ತು ಮಂದಿ ಸಿಕ್ಕಿದರೆ ಮೇಷ್ಟ್ರ ಪುಣ್ಯ. ಅದರಲ್ಲೂ ಹತ್ತನೆಯ ತರಗತಿಯವರು ಜನವರಿ ಬಂದೊಡನೆ ಪರೀಕ್ಷೆಯೆಂದು ಹೊರಟುಬಿಡುತ್ತಾರೆ. ಉಳಿದವರಲ್ಲಿ ಇಬ್ಬರು ಮೂವರು ಎರಡೆರಡು ವಾದ್ಯ ಹಿಡಿಯಬಲ್ಲವರಾಗದಿದ್ದರೆ ಬ್ಯಾಂಡು ನಿಲ್ಲುತ್ತದೆ.

ಇನ್ನು, ಒಬ್ಬನೇ ಹಲವು ವಾದ್ಯ ನುಡಿಸುವುದು ಪರದೇಶದ ಚಾಳಿ ಎಂದು ಯಾರಾದರೂ ಮೂಗು ಮುರಿದರೆ, ಅವರನ್ನು ಮೈಸೂರಿನ ಕಡೆ ತಿರುಗಿಸಿ. ವೀಣೆ ಶೇಷಣ್ಣನವರು (1852–1926) ವೀಣೆಯ ಜೊತೆಗೆ ಸ್ವರಬತ್, ಜಲತರಂಗ ಮೊದಲಾದವುಗಳಲ್ಲೂ ಕೈ ಪಳಗಿದವರು. ನಾಲ್ವಡಿ ಕೃಷ್ಣರಾಜ ಒಡೆಯರು ಎಂಟು ವಾದ್ಯಗಳನ್ನು ಬಲ್ಲವರಾಗಿದ್ದರೆಂದು ಪ್ರಸಿದ್ಧಿ. ಆ ಎಂಟರಲ್ಲಿ ವೀಣೆ, ಪಿಟೀಲು, ಕೊಳಲು, ಮೃದಂಗಗಳ ಪಕ್ಕದಲ್ಲಿ ಪಿಯಾನೊ, ಸ್ಯಾಕ್ಸೊಫೋನುಗಳೂ ಇದ್ದವು. ಅವರ ಅರಮನೆಯಲ್ಲಿ ಕರ್ನಾಟಕ ಸಂಗೀತದ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇದ್ದವು. ಪಾಶ್ಚಾತ್ಯ ಮೇಳವನ್ನು ಆಟೊ ಸ್ಮಿತ್ ಎಂಬ ಜರ್ಮನ್ ವಿದ್ವಾಂಸರು ತರಬೇತು ಮಾಡುತ್ತಿದ್ದರು. ರಾಜರ ಕಾಲ ಮುಗಿದ ಮೇಲೆ ಆ ಬ್ಯಾಂಡುಗಳು ಪೊಲೀಸ್ ಇಲಾಖೆಗೆ ಸೇರಿದವು. ದಸರೆಯಲ್ಲಿ ಅವುಗಳ ನಾದವನ್ನು ನೀವು ಕೇಳಿಯೇ ಇರುತ್ತೀರಿ.

ಈ ವಿಷಯವನ್ನು ರಾಬರ್ಟ್‌ಸನ್‌ಪೇಟೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅದಕ್ಕೆ ಕಾರಣವುಂಟು. ಮೈಸೂರಿನ ಬ್ರಿಟಿಷ್ ರೆಸಿಡೆಂಟರಾಗಿದ್ದ ರಾಬರ್ಟ್‌ಸನ್ನರ ಹೆಸರನ್ನು ಹೊತ್ತ ಈ ಊರು ಚಿನ್ನದ ಗಣಿಗಳ ಮಗ್ಗುಲಲ್ಲಿ ಬೆಳೆದದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲೇ ಗಣಿಗೆ ತಲುಪಿತು. ಇಂಗ್ಲೆಂಡಿನಿಂದ ಬಂದ ಅಧಿಕಾರಿಗಳೂ ಆಂಗ್ಲೊ-ಇಂಡಿಯನ್ ಕುಟುಂಬಗಳೂ ತುಂಬಿಕೊಂಡಿದ್ದರಿಂದ ಜನ ಇದನ್ನು ಪುಟ್ಟ ಇಂಗ್ಲೆಂಡ್ ಎಂದೇ ಕರೆದರು. ಪಾಶ್ಚಾತ್ಯ ವಾದ್ಯ ಇಲ್ಲಿಗೆ ಬಂದದ್ದು ಕ್ಲಬ್ಬುಗಳ ನೃತ್ಯಕ್ಕೆ, ಚರ್ಚಿನ ಪ್ರಾರ್ಥನೆಗೆ. ಗಣಿಗೆ ಇಳಿಯುತ್ತಿದ್ದ ಕೂಲಿಯವರ ಲೈನ್ ಮನೆಗಳಲ್ಲಿ ಕೇಳಿಸುತ್ತಿದ್ದದ್ದು ಬೇರೆ: ತಮಟೆ, ನಾಗಸ್ವರ, ಡೋಲು, ಭಜನೆ. ಕ್ಲಬ್ಬಿನ ನೃತ್ಯಶಾಲೆಗೂ ಆ ಲೈನುಗಳಿಗೂ ನಡುವೆ ದಾಟಲಾಗದ ಗೋಡೆಯಿತ್ತು ಎಂಬುದನ್ನು ಮುಚ್ಚಿಡಬೇಕಾದ್ದಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆಂಗ್ಲೊ-ಇಂಡಿಯನ್ನರಲ್ಲಿ ಬಹುಮಂದಿ ಆಸ್ಟ್ರೇಲಿಯಾ ಮುಂತಾದೆಡೆಗೆ ಹೊರಟುಹೋದರು. 1956ರಲ್ಲಿ ಗಣಿಗಳು ಮೈಸೂರು ಸರಕಾರದ ಕೈಗೆ ಬಂದವು. 2001ರ ಫೆಬ್ರವರಿ 28ರಂದು ಗಣಿಗಳೇ ಮುಚ್ಚಿದವು. ಈಗ ಊರಿನ ಸಾವಿರಾರು ಮಂದಿ ಬೆಳಗಾಗುವ ಮುನ್ನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಇಂಥ ಊರಿನ ಮಗುವಿಗೆ ಎರಡನೆಯ ವಾದ್ಯವೆಂದರೆ ಬರೀ ಶೋಕಿಯಲ್ಲ. ಅದು ಮುಂದೆ ಅನ್ನಕ್ಕೂ ಒದಗಬಹುದಾದ ವಿದ್ಯೆ.

ಈ ಮಾತಿಗೆ ಒಂದು ನಿದರ್ಶನ ಕೊಡುತ್ತೇನೆ. ಇದೂ ಕಾರ್ಖಾನೆಯ ಊರೊಂದರದು. ಕಲ್ಕತ್ತದ ಬಳಿಯ ಬಾಟಾನಗರದಲ್ಲಿ ಬೂಟಿನ ಕಾರ್ಖಾನೆಗೆ ತನ್ನದೇ ಬ್ಯಾಂಡು ಇತ್ತು. ನೇಪಾಳಿ ಮೂಲದ ಬ್ಯಾಂಡು ಕುಟುಂಬದಲ್ಲಿ ಹುಟ್ಟಿದ ಮನೋಹರಿ ಸಿಂಗ್ ಎಂಬ ಹುಡುಗ ಆ ಬ್ಯಾಂಡಿಗೆ ಸೇರಿ ಕೊಳಲು, ಕ್ಲಾರಿಯೊನೆಟ್, ಮ್ಯಾಂಡೊಲಿನ್ ಕಲಿತರು. ಸ್ಯಾಕ್ಸೊಫೋನು ಆಮೇಲಿನದು. 1958ರಲ್ಲಿ ಮುಂಬಯಿಗೆ ಹೋದರು. ‘ಕಾಶ್ಮೀರ್ ಕೀ ಕಲೀ’ (1964) ಚಿತ್ರದಲ್ಲಿ ಮಹಮ್ಮದ್ ರಫಿಯವರು ಅಮಲಿನ ದನಿಯಲ್ಲಿ ಹಾಡುವ ಹಾಡೊಂದುಂಟಲ್ಲ, ಅದರಲ್ಲಿ ಹಾಡಿನಷ್ಟೇ ತೂಗಾಡುವ ಸ್ಯಾಕ್ಸೊಫೋನು ಅವರದೇ. ಧ್ವನಿಮುದ್ರಣದ ಕೋಣೆಯಲ್ಲಿ ಸಂಗೀತ ನಿರ್ದೇಶಕನು ‘ಇಲ್ಲಿ ಕೊಳಲು ಬೇಕು’ ಎಂದಾಗ, ‘ಇಗೋ’ ಎಂದು ಎತ್ತಿಕೊಳ್ಳಬಲ್ಲವನಿಗೆ ಕೆಲಸ ತಪ್ಪುವುದಿಲ್ಲ. ಅಮೆರಿಕದ ನಾಟಕಶಾಲೆಗಳ ವಾದ್ಯಗಾರರ ಒಪ್ಪಂದದಲ್ಲಿ ಹೀಗೆ ಎರಡನೆಯ ವಾದ್ಯ ನುಡಿಸಿದವನಿಗೆ ಹೆಚ್ಚಿನ ಸಂಬಳವೆಂದು ಬರೆದೇ ಇರುತ್ತದೆ.

ಸರಿ, ಈಗ ವಾದ್ಯಗಳ ಒಳಗುಟ್ಟಿಗೆ ಬರೋಣ. ಕ್ಲಾರಿಯೊನೆಟ್ ಕಲಿತ ಮಗು ಸ್ಯಾಕ್ಸೊಫೋನಿಗೆ ಹೋದರೆ ಹೊಸದಾಗಿ ಓನಾಮ ತಿದ್ದಬೇಕೆ? ಬೇಕಿಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ಈ ವಾದ್ಯಕ್ಕೆ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದರು. ಸ್ವತಃ ಕ್ಲಾರಿಯೊನೆಟ್ ವಾದಕರಾಗಿದ್ದ ಅವರ ವಾದ್ಯದಲ್ಲಿ, ಆಗಲೇ ಇದ್ದ ವಾದ್ಯಗಳ ಬೆರಳಿನ ಕ್ರಮ ಬಹುಮಟ್ಟಿಗೆ ಉಳಿದುಬಂದಿದೆ. ಮೈಯೆಲ್ಲ ಹಿತ್ತಾಳೆಯಾದರೂ ಸ್ಯಾಕ್ಸೊಫೋನು ಟ್ರಂಪೆಟ್ಟಿನ ಕುಲದ್ದಲ್ಲ, ಕ್ಲಾರಿಯೊನೆಟ್ಟಿನ ಕುಲದ್ದು. ಎರಡರ ಬಾಯಿಗೂ ಜೊಂಡಿನ ತೆಳುವಾದ ಒಂದು ಪಟ್ಟಿ ಕಟ್ಟಿರುತ್ತದೆ. ಅದನ್ನೇ ರೀಡು ಎನ್ನುತ್ತಾರೆ. ಉಸಿರಿಗೆ ಆ ಪಟ್ಟಿ ಅದುರುವುದರಿಂದ ನಾದ ಹುಟ್ಟುತ್ತದೆ. ನಮ್ಮ ನಾಗಸ್ವರದ ತುದಿಯಲ್ಲಿ ಜೋಡಿ ಪಟ್ಟಿ ಇದ್ದಂತೆ ಇಲ್ಲಿ ಒಂಟಿ ಪಟ್ಟಿ.

ಆದರೆ ಒಂದು ವ್ಯತ್ಯಾಸ ಮಕ್ಕಳನ್ನು ಮೊದಲ ದಿನವೇ ಕಂಗೆಡಿಸುತ್ತದೆ. ಸ್ಯಾಕ್ಸೊಫೋನಿನ ಕೊಳವೆ ಬುಡದಿಂದ ಬಾಯಿಯವರೆಗೆ ಅಗಲವಾಗುತ್ತ ಹೋಗುತ್ತದೆ. ಕ್ಲಾರಿಯೊನೆಟ್ಟಿನದು ಬಹುಪಾಲು ಒಂದೇ ಗಾತ್ರದ ನೆಟ್ಟನೆಯ ಕೊಳವೆ. ಇದರ ಪರಿಣಾಮ ನಮ್ಮ ಸ್ವರಗಳ ಭಾಷೆಯಲ್ಲಿ ಹೇಳಿದರೆ ಥಟ್ಟನೆ ತಿಳಿಯುತ್ತದೆ. ಸ್ಯಾಕ್ಸೊಫೋನಿನಲ್ಲಿ ಮಧ್ಯಸ್ಥಾಯಿಯ ಷಡ್ಜ ಹಿಡಿದು ಎಡಗೈ ಹೆಬ್ಬೆರಳಿನ ಕೀಲಿಯನ್ನು ಒತ್ತಿದರೆ ತಾರಸ್ಥಾಯಿಯ ಷಡ್ಜ ಬರುತ್ತದೆ. ಕೊಳಲಿನಲ್ಲಿ ಉಸಿರನ್ನು ಬಿಗಿಮಾಡಿದಾಗ ಆಗುವುದೂ ಇದೇ. ಕ್ಲಾರಿಯೊನೆಟ್ಟಿನಲ್ಲಿ ಹಾಗೆ ಮಾಡಿದರೆ ಬರುವುದು ತಾರಷಡ್ಜವಲ್ಲ, ಅದನ್ನೂ ದಾಟಿ ಮೇಲಿನ ಪಂಚಮ! ಆದಕಾರಣ ಕ್ಲಾರಿಯೊನೆಟ್ಟಿನಲ್ಲಿ ಕೆಳಗಿನ ಸ್ಥಾಯಿಗೆ ಒಂದು ಬೆರಳಿನ ಲೆಕ್ಕ, ಮೇಲಿನದಕ್ಕೆ ಇನ್ನೊಂದು. ಈ ಮೇಲಿನ ಲೆಕ್ಕವೇ ಸ್ಯಾಕ್ಸೊಫೋನಿಗೂ ಪಾಶ್ಚಾತ್ಯ ಕೊಳಲಿಗೂ ಬಹುಪಾಲು ಹೊಂದುತ್ತದೆ. ಕ್ಲಾರಿಯೊನೆಟ್ ಮೊದಲು ಕಲಿತವನು ಸ್ಯಾಕ್ಸೊಫೋನಿಗೆ ಸುಲಭವಾಗಿ ಇಳಿಯುತ್ತಾನೆ, ಸ್ಯಾಕ್ಸೊಫೋನು ಮೊದಲು ಕಲಿತವನು ಕ್ಲಾರಿಯೊನೆಟ್ಟಿಗೆ ಏರುವಾಗ ಏದುಸಿರು ಬಿಡುತ್ತಾನೆ ಎಂದು ಬ್ಯಾಂಡಿನವರು ಹೇಳುವುದಕ್ಕೆ ಇದೊಂದು ಕಾರಣ. ಕ್ಲಾರಿಯೊನೆಟ್ಟಿನ ರಂಧ್ರಗಳನ್ನು ಬೆರಳ ತುದಿಯಿಂದಲೇ ಮುಚ್ಚಬೇಕು, ಕೂದಲೆಳೆಯಷ್ಟು ಸಂದು ಬಿಟ್ಟರೂ ಅದು ಕಿರುಚುತ್ತದೆ ಎಂಬುದು ಇನ್ನೊಂದು. ಸ್ಯಾಕ್ಸೊಫೋನಿನಲ್ಲಾದರೆ ಮುಚ್ಚಳಗಳೇ ಆ ಕೆಲಸ ಮಾಡುತ್ತವೆ.

ಬೆರಳಿನ ಮಾತು ಇಷ್ಟು. ತುಟಿಯ ಮಾತೇ ಬೇರೆ. ಬೆರಳು ನೆಂಟನಂತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿ ಹೊಂದಿಕೊಳ್ಳುತ್ತದೆ; ತುಟಿ ಅಷ್ಟು ಬೇಗ ಹೊಂದುವುದಿಲ್ಲ. ಕ್ಲಾರಿಯೊನೆಟ್ಟನ್ನು ಎದೆಯ ಕಡೆಗೆ ಇಳಿಬಿಟ್ಟು, ಗದ್ದವನ್ನು ಚಪ್ಪಟೆಯಾಗಿ ಎಳೆದು, ತುಟಿಯನ್ನು ಬಿಗಿಯಾಗಿ ಹಿಡಿಯಬೇಕು. ಸ್ಯಾಕ್ಸೊಫೋನಿಗೆ ಅದೇ ಬಿಗಿ ಹಾಕಿದರೆ ನಾದ ಕತ್ತು ಹಿಸುಕಿದಂತಾಗಿ ಶ್ರುತಿ ಮೇಲಕ್ಕೇರುತ್ತದೆ. ಅದಕ್ಕೆ ತುಟಿ ಸಡಿಲವಾಗಿರಬೇಕು, ಉಸಿರು ಹೆಚ್ಚಾಗಿರಬೇಕು. ಸ್ಯಾಕ್ಸೊಫೋನಿನ ಸಡಿಲವನ್ನು ಕ್ಲಾರಿಯೊನೆಟ್ಟಿಗೆ ತಂದರೆ ಅದರ ಮೇಲಿನ ಸ್ವರಗಳು ಕುಸಿಯುತ್ತವೆ. ಕೊಳಲಿಗಂತೂ ರೀಡೇ ಇಲ್ಲ. ಉಸಿರನ್ನು ಅಂಚಿಗೆ ಅಡ್ಡವಾಗಿ ಬಿಡಬೇಕು. ಮೊದಮೊದಲು ಅರ್ಧ ಉಸಿರು ಗಾಳಿಗೆ ಸೋರಿಹೋಗಿ ಮಕ್ಕಳಿಗೆ ತಲೆಸುತ್ತುವುದೂ ಉಂಟು. ಹೆದರಬೇಕಾದ್ದಿಲ್ಲ, ಕೂರಿಸಿ ಎರಡು ನಿಮಿಷ ವಿಶ್ರಾಂತಿ ಕೊಟ್ಟರೆ ಸಾಕು.

ಟ್ರಂಪೆಟ್ಟಿನಲ್ಲಿ ಅದುರುವುದು ತುಟಿಯೇ. ಬಟ್ಟಲಿನಂಥ ಬಾಯಿಗೆ ತುಟಿಯನ್ನಿಟ್ಟು ಝೇಂಕರಿಸಬೇಕು. ಆ ಸ್ನಾಯು ಬಲಿಯಲು ತಿಂಗಳುಗಟ್ಟಲೆ ಬೇಕು, ಬಿಟ್ಟರೆ ವಾರದಲ್ಲಿ ಸೊರಗುತ್ತದೆ. ಆದ್ದರಿಂದ ನನ್ನ ಸಲಹೆ ನಿಷ್ಠುರವಾಗಿಯೇ ಇದೆ: ಕ್ಲಾರಿಯೊನೆಟ್ಟಿನ ಮಗುವಿಗೆ ಸ್ಯಾಕ್ಸೊಫೋನಾದೀತು, ಕೊಳಲೂ ಆದೀತು, ಟ್ರಂಪೆಟ್ಟು ಹೈಸ್ಕೂಲು ಮುಗಿಯುವವರೆಗೆ ಬೇಡ. ಹಾಗೆಯೇ ಟ್ರಂಪೆಟ್ಟಿನ ಮಗುವಿಗೆ ಕಾರ್ನೆಟ್, ಯೂಫೋನಿಯಂಗಳು ಸೋದರ ವಾದ್ಯಗಳು. ಮೂರು ಗುಂಡಿ, ಅದೇ ಬೆರಳು. ಮದುವೆಯ ಬ್ಯಾಂಡಿನವರಲ್ಲಿ ಒಬ್ಬ ಬಾರದಿದ್ದ ದಿನ ಇನ್ನೊಬ್ಬ ಅವನ ವಾದ್ಯ ಹಿಡಿದು ಮೆರವಣಿಗೆ ನಡೆಸಿಕೊಡುವುದನ್ನು ನೀವು ನೋಡಿರಬಹುದು. ಅವರು ಯಾವ ಪುಸ್ತಕ ಓದಿ ಇದನ್ನು ಕಲಿತವರಲ್ಲ.

ಇನ್ನೊಂದು ತೊಡಕು ಶ್ರುತಿಯದು. ಪಾಶ್ಚಾತ್ಯ ಸಂಗೀತದ ಪುಸ್ತಕ ಓದಿದವರನ್ನೂ ಇದು ಗಲಿಬಿಲಿಗೊಳಿಸುತ್ತದೆ, ಆದರೆ ಹಾರ್ಮೋನಿಯಂ ಮನೆಗಳ ಲೆಕ್ಕ ಬಲ್ಲ ನಮಗೆ ಇದು ನೀರು ಕುಡಿದಷ್ಟು ಸುಲಭ. ಪಿಯಾನೊದಲ್ಲಿ ‘ಸಿ’ ಎಂದು ಬರೆದದ್ದನ್ನು ನುಡಿಸಿದರೆ ಒಂದನೆಯ ಮನೆ ಕೇಳಿಸುತ್ತದೆ. ಅದೇ ‘ಸಿ’ಯನ್ನು ಕ್ಲಾರಿಯೊನೆಟ್ಟಿನವನೋ ಟ್ರಂಪೆಟ್ಟಿನವನೋ ಟೆನರ್ ಸ್ಯಾಕ್ಸೊಫೋನಿನವನೋ ಊದಿದರೆ ಕೇಳಿಸುವುದು ಆರೂವರೆ ಮನೆ. ಆಲ್ಟೊ ಸ್ಯಾಕ್ಸೊಫೋನಿನವನು ಊದಿದರೆ ಎರಡೂವರೆ ಮನೆ. ಇದೇನು ಅವ್ಯವಸ್ಥೆ ಎನ್ನಬೇಡಿ. ನಮ್ಮ ಷಡ್ಜ ಯಾವ ಮನೆಯಲ್ಲಿ ಕುಳಿತರೂ ಷಡ್ಜವೇ ಅಲ್ಲವೆ? ಐದು ಮನೆಯಲ್ಲಿ ಹಾಡುವ ಹೆಂಗಸೂ ಒಂದು ಮನೆಯಲ್ಲಿ ಹಾಡುವ ಗಂಡಸೂ ‘ಸ’ ಎಂದೇ ಹೇಳುತ್ತಾರೆ. ಹಾಗೆಯೇ ಆಲ್ಟೊದಿಂದ ಟೆನರಿಗೆ ಹೋದ ಮಗು ಒಂದೇ ಬೆರಳಿಗೆ ಒಂದೇ ಹೆಸರು ಹೇಳಲಿ, ಮನೆ ಬೇರೆಯಾದರೆ ಆಗಲಿ ಎಂಬುದೇ ಈ ಏರ್ಪಾಡಿನ ಗುಟ್ಟು. ಒಂದೇ ತೊಂದರೆಯೆಂದರೆ, ಎರಡು ವಾದ್ಯಕ್ಕೆ ಎರಡು ಹಾಳೆ ಬೇಕು. ಆಲ್ಟೊದ ಹಾಳೆಯನ್ನು ಕ್ಲಾರಿಯೊನೆಟ್ಟಿನಲ್ಲಿ ಊದಿದರೆ ಇಡೀ ಬ್ಯಾಂಡಿಗೆ ಅಪಶ್ರುತಿ. ಜಾಝ್ ಪದ್ಯಗಳಲ್ಲಿ ಅನೇಕವು ಆರೂವರೆ, ಎರಡೂವರೆ, ನಾಲ್ಕು ಈ ಮನೆಗಳನ್ನೇ ಆಧಾರವಾಗಿ ಇಟ್ಟುಕೊಂಡಿರುವುದೂ ಊದುವವರ ಅನುಕೂಲ ನೋಡಿಯೇ.

ಹಾಗಾದರೆ ತನ್ನ ಕುಲದ ಹೊರಗಿನ ವಾದ್ಯವೇ ಮಗುವಿಗೆ ಬೇಡವೆ? ತುಟಿಗೆ ತೊಂದರೆ ಕೊಡದ ಎರಡುಂಟು: ಪಿಯಾನೊ, ಡ್ರಮ್ಮು. ಜಾಝ್ ವಾದಕನು ಬರೆದದ್ದನ್ನು ಓದಿ ಮುಗಿಸುವವನಲ್ಲ. ನಮ್ಮ ವಿದ್ವಾಂಸರು ಕಲ್ಪನಾಸ್ವರ ಹಾಕುವಂತೆ ಅವನೂ ಸ್ಥಳದಲ್ಲೇ ಹೆಣೆಯಬೇಕು. ಅವನಿಗೆ ರಾಗದ ಬದಲು ಕೆಳಗೆ ಸಾಗುತ್ತಿರುವ ಸ್ವರಗುಚ್ಛಗಳ ಸಾಲೇ ದಾರಿ. ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸುವ ಕ್ಲಾರಿಯೊನೆಟ್ಟಿನಲ್ಲಿ ಆ ಗುಚ್ಛ ಕಾಣುವುದಿಲ್ಲ. ಪಿಯಾನೊ ಮನೆಗಳ ಮೇಲೆ ಮೂರು ನಾಲ್ಕು ಬೆರಳಿಟ್ಟರೆ ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳಿಸುತ್ತದೆ. ಮನೆಯಲ್ಲಿ ಹಳೆಯ ಹಾರ್ಮೋನಿಯಂ ಇದ್ದರೆ ಧೂಳು ಒರೆಸಿ ಕೊಡಿ, ಆ ಕೆಲಸಕ್ಕೆ ಅದೇ ಸಾಕು. ಡ್ರಮ್ಮು ಕಾಲವನ್ನು ಕಲಿಸುತ್ತದೆ. ಅದರ ಬೆಲೆ ಗೊತ್ತಾಗಬೇಕಾದರೆ ಲೂಯಿ ಆರ್ಮ್‌ಸ್ಟ್ರಾಂಗರ ಕಥೆ ಕೇಳಬೇಕು.

ಅವರು ಅಮೆರಿಕದ ನ್ಯೂ ಆರ್ಲಿಯನ್ಸಿನ ಕಡು ಬಡ ನೀಗ್ರೊ ಕೇರಿಯ ಹುಡುಗ. 1912ರ ಕೊನೆಯ ರಾತ್ರಿ, ಹೊಸ ವರ್ಷದ ಗದ್ದಲದಲ್ಲಿ ಪಿಸ್ತೂಲು ಹಾರಿಸಿದರೆಂದು ಪೊಲೀಸರು ಹಿಡಿದು, ದಿಕ್ಕಿಲ್ಲದ ಕರಿಯ ಹುಡುಗರ ನಿವಾಸವೊಂದಕ್ಕೆ ಕಳುಹಿಸಿದರು. ಅಲ್ಲಿ ಒಂದು ಬ್ಯಾಂಡಿತ್ತು. ಪೀಟರ್ ಡೇವಿಸ್ ಎಂಬುವರು ಅದರ ಮೇಷ್ಟ್ರು. ಅವರು ಈ ತುಂಟನ ಕೈಗೆ ಒಮ್ಮೆಗೇ ತುತ್ತೂರಿ ಕೊಡಲಿಲ್ಲ. ಮೊದಲು ಕೊಟ್ಟದ್ದು ಗೆಜ್ಜೆ ಕಟ್ಟಿದ ಕಂಜಿರದಂಥ ಟ್ಯಾಂಬೊರಿನ್. ಆಮೇಲೆ ಡ್ರಮ್ಮು. ಅನಂತರ ಆಲ್ಟೊ ಹಾರ್ನ್, ಎಂದರೆ ಮುಖ್ಯ ಹಾಡಿಗೆ ನಡುದನಿಯಲ್ಲಿ ಒತ್ತಾಸೆ ಕೊಡುವ ಹಿತ್ತಾಳೆ ವಾದ್ಯ. ಬಳಿಕ ಬ್ಯೂಗಲ್. ಕೊನೆಗೆ ಕಾರ್ನೆಟ್. ಈ ಏಣಿಯನ್ನು ಸ್ವಲ್ಪ ಗಮನಿಸಿ: ಮೊದಲು ತಾಳ, ಆಮೇಲೆ ಇನ್ನೊಬ್ಬರ ಹಾಡಿಗೆ ಜೊತೆಗೊಡುವ ಕಿವಿ, ಆಮೇಲೆ ತುಟಿಯ ಬಲ, ಎಲ್ಲಕ್ಕೂ ಕೊನೆಯಲ್ಲಿ ಮುಂದಾಳಿನ ವಾದ್ಯ. ಐದು ವಾದ್ಯ ಹಿಡಿದರೂ ಹುಡುಗ ಚೆದರಲಿಲ್ಲ. ಹೈಸ್ಕೂಲು ವಯಸ್ಸಿನ ಮಗುವಿಗೆ ಹಲವು ವಾದ್ಯ ಕಲಿಸುವ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಪಾಠಪಟ್ಟಿ ನನಗೆ ಕಾಣದು.

ನಾಣ್ಯದ ಇನ್ನೊಂದು ಮುಖವನ್ನೂ ತೋರಿಸಬೇಕು. ಬಂಟ್ವಾಳದ ಕಡೆಯ ಕದ್ರಿ ಗೋಪಾಲನಾಥರು (1949–2019) ತಂದೆ ತನಿಯಪ್ಪನವರಿಂದ ನಾಗಸ್ವರ ಕಲಿತವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನು ಕೇಳಿ ಮನಸೋತರು. ಆದರೆ ಅವರು ಎರಡನ್ನೂ ಜೊತೆಯಲ್ಲಿ ಸಾಕಲಿಲ್ಲ. ಸ್ಯಾಕ್ಸೊಫೋನೊಂದನ್ನೇ ಹಿಡಿದು, ಗಮಕಕ್ಕೆ ಒಗ್ಗದ ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಲು ವರ್ಷಗಟ್ಟಲೆ ದುಡಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ನುಡಿಸಿದರು; 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ.ಬಿ.ಸಿ. ಕಚೇರಿಗೂ ಹೋದರು. ಅಮೆರಿಕದ ಕೊಲರಾಡೊದಲ್ಲಿ ಬೆಳೆದ, ಕನ್ನಡ ನಾಡಿನ ಮೂಲದ ಮನೆಯ ರುದ್ರೇಶ್ ಮಹಂತಪ್ಪನವರು ಶಾಲೆಯಲ್ಲಿರುವಾಗಲೇ ಆಲ್ಟೊ ಸ್ಯಾಕ್ಸೊಫೋನು ಹಿಡಿದವರು, ಈಗ ಜಾಝ್ ಲೋಕದಲ್ಲಿ ದೊಡ್ಡ ಹೆಸರು. ಬೋಸ್ಟನ್ನಿನಲ್ಲಿ ಓದುತ್ತಿದ್ದಾಗ ಅವರ ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟರಂತೆ. ಆ ತಮಾಷೆ ಬೆಳೆದು 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆಯನ್ನು ಹೊರತಂದರು. ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನೇ. ಇವರಿಬ್ಬರನ್ನೂ ನೆನೆದಾಗ ನನಗೆ ಅನಿಸುವುದಿಷ್ಟು: ಎರಡನೆಯ ವಾದ್ಯ ಬರಲಿ, ಮೊದಲನೆಯದಕ್ಕೆ ಸವತಿಯಾಗಿ ಬರಬಾರದು. ಮಗುವಿಗೆ ‘ನನ್ನದು’ ಎನ್ನುವ ಒಂದು ವಾದ್ಯ ಇದ್ದೇ ಇರಬೇಕು.

(ಮೂರು ವಾದ್ಯಗಳನ್ನು ಏಕಕಾಲಕ್ಕೆ ಬಾಯಲ್ಲಿಟ್ಟು ಊದುತ್ತಿದ್ದ ರೋಲಂಡ್ ಕಿರ್ಕ್ ಎಂಬ ಕುರುಡ ಕಲಾವಿದರೂ ಜಾಝ್‌ನಲ್ಲಿ ಆಗಿಹೋದರು. 1941ರಲ್ಲಿ ಸಿಡ್ನಿ ಬೆಶೆ ಎಂಬಾತ ಆರು ವಾದ್ಯಗಳನ್ನು ಒಂದಾದ ಮೇಲೊಂದು ತಾನೇ ನುಡಿಸಿ ಒಂದೇ ತಟ್ಟೆಯ ಮೇಲೆ ಕೂಡಿಸಿದರು. ಇವನ್ನೆಲ್ಲ ಮಕ್ಕಳಿಗೆ ಹೇಳಿ ನಗಿಸಿ, ಅಭ್ಯಾಸಕ್ಕೆ ಹಚ್ಚಬೇಡಿ.)

ಮೊದಲನೆಯದು ನೆಲೆಯಾಯಿತೆಂದು ತಿಳಿಯುವುದು ಹೇಗೆ? ಬಾಗಿಲ ಆಚೆ ನಿಂತು ಕೇಳಿ. ಕ್ಲಾರಿಯೊನೆಟ್ಟಿನ ಕೆಳಸ್ಥಾಯಿಯಿಂದ ಮೇಲಿನದಕ್ಕೆ ದಾಟುವ ಕಡೆ ಎಡವದೆ ಹೋಗುತ್ತಿದೆಯೆ? ಒಂದೇ ಸ್ವರವನ್ನು ಹತ್ತು ಎಣಿಸುವಷ್ಟು ಹೊತ್ತು ಅಲುಗದೆ ಹಿಡಿಯುತ್ತದೆಯೆ? ಹೇಳದೆಯೇ ತಾನಾಗಿ ವಾದ್ಯ ತೆಗೆಯುತ್ತದೆಯೆ? ಮೂರಕ್ಕೂ ಹೌದೆಂದಾದರೆ ಹೂಂ ಎನ್ನಿ. ಎರಡು ವರ್ಷ ತುಂಬದವನಿಗೆ ಇವು ಮೂರೂ ಒದಗುವುದು ಕಡಮೆ.

ಅಭ್ಯಾಸಕ್ಕೆ ದಿನಕ್ಕೆ ಒಂದು ಗಂಟೆ ಸಿಕ್ಕಿದರೆ ಅದನ್ನು ಸಮಪಾಲು ಮಾಡಬೇಡಿ. ಮುಕ್ಕಾಲು ಪಾಲು ಮೊದಲ ವಾದ್ಯಕ್ಕೆ, ಕಾಲು ಪಾಲು ಎರಡನೆಯದಕ್ಕೆ. ಎರಡನೆಯದು ಕೊಳಲಾದರೆ ಅದನ್ನೇ ಮೊದಲು ಊದಲಿ. ರೀಡನ್ನು ಕಚ್ಚಿ ಬಿಗಿಯಾದ ತುಟಿಗೆ ಕೊಳಲು ಬೇಗ ಒಲಿಯುವುದಿಲ್ಲ. ವಾರಕ್ಕೊಮ್ಮೆ ಇನ್ನೊಂದು ಅಭ್ಯಾಸವೂ ಬೇಕು: ಒಂದು ವಾದ್ಯದಲ್ಲಿ ನಾಲ್ಕು ಆವರ್ತ ಊದಿ, ಕೆಳಗಿಟ್ಟು, ಎರಡು ಆವರ್ತದೊಳಗೆ ಇನ್ನೊಂದನ್ನು ಎತ್ತಿ ಶ್ರುತಿಗೆ ಸೇರುವುದು. ವೇದಿಕೆಯ ಮೇಲೆ ನಿಜವಾದ ಪರೀಕ್ಷೆ ಇದೇ. ಅರ್ಧ ಗಂಟೆ ಸ್ಟ್ಯಾಂಡಿನ ಮೇಲೆ ನಿಂತ ವಾದ್ಯ ತಣ್ಣಗಾಗಿ ಶ್ರುತಿ ಇಳಿದಿರುತ್ತದೆ, ರೀಡು ಒಣಗಿ ಕಡ್ಡಿಯಾಗಿರುತ್ತದೆ. ಡಿಸೆಂಬರಿನ ರಾತ್ರಿ, ಗಣಿಯೂರಿನ ಚಳಿಗಾಳಿಯಲ್ಲಿ, ಶಾಮಿಯಾನದ ಕೆಳಗೆ ನುಡಿಸುವಾಗ ಇದು ಕಣ್ಣೀರು ತರಿಸಬಲ್ಲದು. ಅನುಭವಸ್ಥರು ತಮ್ಮ ಸರದಿಗೆ ಮುಂಚೆ ಸದ್ದಿಲ್ಲದೆ ಬೆಚ್ಚನೆಯ ಉಸಿರನ್ನು ಕೊಳವೆಯೊಳಗೆ ತುಂಬುತ್ತಾರೆ, ರೀಡನ್ನು ನಾಲಗೆಯಿಂದ ಒದ್ದೆ ಮಾಡಿಕೊಳ್ಳುತ್ತಾರೆ. ಇಷ್ಟು ತಿಳಿದ ಹುಡುಗ ಅಪಶ್ರುತಿಯಿಂದ ಪಾರಾಗುತ್ತಾನೆ.

ಕೊನೆಗೆ ದುಡ್ಡಿನ ವಿಚಾರ. ಎರಡನೆಯ ವಾದ್ಯವನ್ನು ಮೊದಲ ವರ್ಷ ಕೊಳ್ಳಬೇಡಿ. ಶಾಲೆಯದನ್ನೋ ಬಾಡಿಗೆಯದನ್ನೋ ತರಿಸಿ. ವಾದ್ಯ ಎರವಲಾದರೂ ಬಾಯಿಗಿಡುವ ತುಂಡು ಮತ್ತು ರೀಡು ಮ��ತ್ರ ಮಗುವಿನ ಸ್ವಂತದ್ದಾಗಿರಲಿ. ನಾಲ್ಕು ಬಾಯಿಗೆ ಹೋದ ತುಂಡು ಆರೋಗ್ಯಕ್ಕೂ ಒಳ್ಳೆಯದಲ್ಲ. ಸ್ಯಾಕ್ಸೊಫೋನಾದರೆ ಆಲ್ಟೊ ತೆಗೆದುಕೊಳ್ಳಿ. ಟೆನರಿಗಿಂತ ಹಗುರ, ಬೆಂಗಳೂರಿಗೆ ಪಾಠಕ್ಕೆ ಹೋಗುವುದಾದರೆ ಬೆಳಗಿನ ರೈಲಿನ ನೂಕುನುಗ್ಗಲಿನಲ್ಲಿ ಮಡಿಲ ಮೇಲಾದರೂ ಇಟ್ಟುಕೊಳ್ಳಬಹುದು. ಹಳೆಯದನ್ನು ಕೊಳ್ಳುವ ಸಂದರ್ಭ ಬಂದರೆ ಹೊಳಪಿಗೆ ಮರುಳಾಗದೆ ಮುಚ್ಚಳಗಳ ಒಳಗಿನ ಚರ್ಮದ ಮೆತ್ತೆಗಳನ್ನು ಒಂದೊಂದಾಗಿ ನೋಡಿ. ಕತ್ತಲೆ ಕೋಣೆಯಲ್ಲಿ ಸಣ್ಣ ದೀಪವೊಂದನ್ನು ಕೊಳವೆಯೊಳಗೆ ಇಳಿಬಿಟ್ಟು ಮುಚ್ಚಳಗಳನ್ನು ಒತ್ತಿ ಹಿಡಿದರೆ, ಎಲ್ಲಿ ಬೆಳಕು ಇಣುಕುತ್ತದೆಯೋ ಅಲ್ಲಿ ಗಾಳಿಯೂ ಸೋರುತ್ತದೆ. ಅಂಥ ಸೋರಿಕೆ ನಾಲ್ಕಾರು ಕಡೆ ಕಂಡರೆ ಮೆತ್ತೆ ಬದಲಿಸುವ ಖರ್ಚನ್ನೂ ಬೆಲೆಯಲ್ಲಿ ಕಳೆದು ಕೇಳಿ.